ಹ್ಯಾರಿಸ್ ದ್ವೀಪದಲ್ಲಿ ಟೆಂಟ್ ಹಾಕಿ ಸುಮ್ಮನೆ ಇದ್ದದ್ದು: ಕೇಳಿದವರಿಗೆಲ್ಲ ಒಟ್ಟಿಗೆ

ಪಡುಕರೆಯವಳು

ಸ್ಕಾಟ್ಲೆಂಡಿನ ಹ್ಯಾರಿಸ್ ದ್ವೀಪಕ್ಕೆ ಜೂನಿನಲ್ಲಿ ಟೆಂಟ್ ಹೊತ್ತುಕೊಂಡು ಹೋಗಿದ್ದೆ ಅಂತ ಹೇಳಿದ್ದಕ್ಕೆ ತುಂಬಾ ಜನ ಕೇಳಿದ್ದೀರಿ. ಒಬ್ಬರೇ ಹೋದದ್ದಾ, ಹೆದರಿಕೆ ಆಗಲಿಲ್ವಾ, ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಂತ. ಎಲ್ಲರಿಗೂ ಸೇರಿಸಿ ಬರೆಯುತ್ತೇನೆ, ಸ್ವಲ್ಪ ಉದ್ದ ಆದೀತು.

ಮೊದಲು ಜಾಗದ ವಿಷಯ. ಹ್ಯಾರಿಸ್, ಲೂಯಿಸ್ ಅಂತ ಹೆಸರು ಎರಡು, ನೆಲ ಒಂದೇ. ದಕ್ಷಿಣದ ಬೆಟ್ಟಗಳ ಭಾಗ ಹ್ಯಾರಿಸ್, ಉತ್ತರದ ತಗ್ಗು ಜೌಗಿನ ಭಾಗ ಲೂಯಿಸ್. ನಮ್ಮ ಉಡುಪಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಹ್ಯಾರಿಸ್ 58 ಡಿಗ್ರಿ ಹತ್ತಿರ. ಹಾಗಾಗಿ ಜೂನಿನಲ್ಲಿ ರಾತ್ರಿ ಹತ್ತೂವರೆಗೆ ಸೂರ್ಯ ಮುಳುಗಿ ಬೆಳಗಿನ ನಾಲ್ಕೂವರೆಯ ಒಳಗೆ ಎದ್ದಿರುತ್ತಾನೆ. ನಡುವಿನ ಹೊತ್ತೂ ಪೂರ್ತಿ ಕತ್ತಲಾಗುವುದಿಲ್ಲ, ಉತ್ತರದ ಆಕಾಶದಲ್ಲಿ ಬೆಳಕು ಹಾಗೇ ಉಳಿದಿರುತ್ತದೆ. ನಕ್ಷತ್ರ ನೋಡುವ ಆಸೆ ಇದ್ದವರು ಆ ತಿಂಗಳು ಹೋಗಬೇಡಿ.

ಪಶ್ಚಿಮದ ಕಡಲ ಬದಿ ಬಿಳಿ ಮರಳು. ಲಸ್ಕೆಂಟೈರ್, ಹೋರ್ಗಬಾಸ್ಟ್ ಅಂತೆಲ್ಲ ಊರುಗಳು. ಆ ಮರಳಿನಲ್ಲಿ ಹೆಚ್ಚಿನ ಪಾಲು ಚಿಪ್ಪಿನ ಪುಡಿ. ಅದು ಸಾವಿರಾರು ವರ್ಷ ಗಾಳಿಗೆ ಹಾರಿ ಒಳಗಿನ ನೆಲದ ಮೇಲೆ ಕೂತು, ಅಲ್ಲಿನ ಹುಳಿ ಮಣ್ಣಿಗೆ ಸುಣ್ಣ ಸೇರಿ, ಹುಲ್ಲು ಬೆಳೆದು ಬಯಲಾಗಿದೆ. ಅದಕ್ಕೆ ಮಾಖರ್ ಅನ್ನುತ್ತಾರೆ. ಲೋಕದಲ್ಲಿ ಇಂಥ ಬಯಲು ಇರುವುದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಮಾತ್ರ. ಜೂನ್, ಜುಲೈಯಲ್ಲಿ ಇಡೀ ಬಯಲು ಹೂವು. ನಾನು ಹೆಚ್ಚು ಹೊತ್ತು ಕಳೆದದ್ದು ಅದರ ಅಂಚಿನಲ್ಲೇ. ಎದುರಿಗೆ ಟ್ಯಾರನ್ಸೇ ಎಂಬ ಇನ್ನೊಂದು ದ್ವೀಪ ಕಾಣುತ್ತದೆ. ಅಲ್ಲಿದ್ದ ಕೊನೆಯ ಸಂಸಾರ 1974ರಲ್ಲಿ ಬಿಟ್ಟು ಬಂತು, ಈಗ ವಾಸ ಯಾರೂ ಇಲ್ಲ.

ಸದ್ದಿಲ್ಲದ ಜಾಗ ಅಂದುಕೊಳ್ಳಬೇಡಿ. ಗಾಳಿ ನಿಲ್ಲುವುದಿಲ್ಲ, ಟೆಂಟಿನ ಬಟ್ಟೆ ರಾತ್ರಿಯೆಲ್ಲ ಪಟಪಟ ಅನ್ನುತ್ತದೆ. ಹುಲ್ಲಿನ ಒಳಗೆ ಅಡಗಿರುವ ಕಾರ್ನ್‌ಕ್ರೇಕ್ ಹಕ್ಕಿ ನಡುರಾತ್ರಿಯಲ್ಲಿ ‘ಕ್ರೆಕ್ಸ್ ಕ್ರೆಕ್ಸ್’ ಅಂತ ಬಿಡದೆ ಕೂಗುತ್ತದೆ. ಆದರೆ ಆ ಸದ್ದು ಯಾವುದೂ ನಿಮ್ಮಿಂದ ಏನೂ ಕೇಳುವುದಿಲ್ಲ. ನಾನು ದಶಕಗಳ ಕಾಲ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ದಿನವಿಡೀ ಯಾರಿಗಾದರೂ ಉತ್ತರ ಕೊಡುವುದೇ ಕೆಲಸ. ಅಲ್ಲಿ ಬೆಳಿಗ್ಗೆ ನೀರು ಕುದಿಸಿ, ಅವಲಕ್ಕಿಗೆ ಹಾಕಿ ತಿಂದು, ಕಡಲು ಇಳಿಯುವುದನ್ನು ನೋಡಿ, ಏರುವುದನ್ನು ನೋಡಿ, ನಡುವೆ ಒಂದಿಷ್ಟು ನಡೆದರೆ ದಿನ ಆಯಿತು. ತಲೆಯೊಳಗಿನ ಮಾತು ನಿಲ್ಲಲಿಕ್ಕೆ ಕೆಲವು ದಿನ ಬೇಕಾಯಿತು. ನಿಂತ ಮೇಲೆ ಎಷ್ಟೋ ವರ್ಷದಿಂದ ಯೋಚನೆಗೆ ಬಾರದ ಸಂಗತಿಗಳು ಒಂದೊಂದಾಗಿ ಬಂದವು, ಅಮ್ಮನ ಕೊನೆಯ ತಿಂಗಳುಗಳೂ. ಆ ಹೊತ್ತಿನಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲ ಎನ್ನುವುದು ದೊಡ್ಡ ಉಪಕಾರ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಆ ಶಾಂತಿಯನ್ನು ಅಲ್ಲಿಯ ಜನ ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ. ಉತ್ತರ ಹ್ಯಾರಿಸಿನ ಜನ 2003ರಲ್ಲಿ ತಮ್ಮ ಎಸ್ಟೇಟನ್ನು ತಾವೇ ಸೇರಿ ಖರೀದಿ ಮಾಡಿ ಟ್ರಸ್ಟ್ ಮಾಡಿಕೊಂಡರು. ಪಶ್ಚಿಮ ಹ್ಯಾರಿಸ್ 2010ರಲ್ಲಿ ಅದೇ ದಾರಿ ಹಿಡಿಯಿತು. ಹೋರ್ಗಬಾಸ್ಟಿನ ಕ್ಯಾಂಪಿಂಗ್ ಜಾಗ ನಡೆಸುವುದು ಆ ಟ್ರಸ್ಟೇ. ನೀವು ಕೊಡುವ ಬಾಡಿಗೆ ಊರಿಗೇ ಹೋಗುತ್ತದೆ. ಹಕ್ಕಿ ಮರಿ ಮಾಡುವವರೆಗೆ ಹುಲ್ಲು ಕೊಯ್ಯದೆ ತಡೆದು ನಿಲ್ಲುವ ರೈತರಿದ್ದಾರೆ. ನಾವು ಅಲ್ಲಿ ಹೋಗಿ ‘ಆಹಾ ಎಷ್ಟು ನಿಶ್ಶಬ್ದ’ ಅನ್ನುವಾಗ ಇವರೆಲ್ಲ ನೆನಪಿರಬೇಕು.

ಮಣಿಪಾಲ ಸೈಕಲ್

ಅಕ್ಕ, ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದಾ? ಪೊಲೀಸರು ಎಬ್ಬಿಸುವುದಿಲ್ವಾ? ಹೋಗುವ ದಾರಿಯನ್ನೂ ಬರೆಯಿರಿ.

ಪಡುಕರೆಯವಳು

ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಬೇಲಿ ಇಲ್ಲದ ಬಯಲಿನಲ್ಲಿ ಜವಾಬ್ದಾರಿಯಿಂದ ತಂಗುವ ಹಕ್ಕು ಎಲ್ಲರಿಗೂ ಉಂಟು. ಇಂಗ್ಲೆಂಡಿನಲ್ಲಿ ಹಾಗಿಲ್ಲ, ಅದನ್ನು ಇದಕ್ಕೆ ಸೇರಿಸಬೇಡಿ. ಹಕ್ಕಿನ ಒಟ್ಟಿಗೆ ನೀತಿಸಂಹಿತೆಯೂ ಉಂಟು. ಸಣ್ಣ ಗುಂಪು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚಿಲ್ಲ, ಮನೆ, ರಸ್ತೆ, ಹಳೆಯ ಸ್ಮಾರಕಗಳಿಂದ ದೂರ, ಬೆಳೆ ಅಥವಾ ದನಕುರಿ ಇರುವ ಬೇಲಿಯ ಒಳಗೆ ಇಲ್ಲ. ಕಕ್ಕಸಿಗೆ ಹೋಗುವುದಾದರೆ ನೀರಿನಿಂದ ಕಡಿಮೆ ಎಂದರೆ 30 ಮೀಟರ್ ದೂರ ಗುಂಡಿ ತೋಡಿ ಮುಚ್ಚಬೇಕು. ಬೆಂಕಿ ಹಾಕಲೇಬೇಡಿ. ಅಲ್ಲಿಯ ಪೀಟ್ ಮಣ್ಣು ಸ್ವತಃ ಸೌದೆ, ಊರಿನವರು ಕಡಿದು ಒಣಗಿಸಿ ಒಲೆಗೆ ಹಾಕುತ್ತಾರೆ. ನೆಲದೊಳಗೆ ಹತ್ತಿಕೊಂಡರೆ ನಂದಿಸುವುದು ತುಂಬಾ ಕಷ್ಟ.

ನಾನು ಕೆಲವು ರಾತ್ರಿ ಟ್ರಸ್ಟಿನ ಜಾಗದಲ್ಲಿ, ಕೆಲವು ರಾತ್ರಿ ಬಯಲಿನಲ್ಲಿ ಇದ್ದೆ. ಮೊದಲ ಸಲ ಹೋಗುವವರು, ಅದರಲ್ಲೂ ಒಬ್ಬರೇ ಹೋಗುವ ಹೆಂಗಸರು, ಟ್ರಸ್ಟಿನ ಜಾಗದಿಂದಲೇ ಶುರುಮಾಡಿ. ಸ್ನಾನಕ್ಕೆ ಬಿಸಿನೀರು, ಶೌಚಾಲಯ ಉಂಟು, ಅಕ್ಕಪಕ್ಕ ನಾಲ್ಕು ಟೆಂಟ್ ಇರುತ್ತದೆ.

ದಾರಿ: ಮಂಗಳೂರಿನಿಂದ ದುಬೈ, ಅಲ್ಲಿಂದ ಗ್ಲಾಸ್ಗೋ (ತಮ್ಮನ ಮನೆ ಅಲ್ಲಿ). ರೈಲಿನಲ್ಲಿ ಇನ್ವರ್‌ನೆಸ್, ಬಸ್ಸಿನಲ್ಲಿ ಉಲ್ಲಾಪೂಲ್, ಅಲ್ಲಿಂದ ಹಡಗಿನಲ್ಲಿ ಲೂಯಿಸಿನ ಬಂದರು ಸ್ಟೋರ್ನೊವೆ, ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಅಲ್ಲಿಂದ ಡಬ್ಲ್ಯೂ10 ನಂಬರಿನ ಬಸ್ಸು ಹ್ಯಾರಿಸಿನ ಮುಖ್ಯ ಊರು ಟಾರ್ಬರ್ಟ್ ದಾಟಿ ಪಶ್ಚಿಮದ ಮರಳ ದಂಡೆಗಳ ಪಕ್ಕದಲ್ಲೇ ಹೋಗುತ್ತದೆ. ಭಾನುವಾರ ಬಸ್ಸಿಲ್ಲ.

ಕದ್ರಿ ಗುಡ್ಡೆ

ಚಂದ ಬರೆದಿದ್ದೀರಿ ಮೇಡಂ. ಆದರೆ ನನಗೆ ಓದುತ್ತಾ ಬೇಸರವೂ ಆಯ್ತು. ನಮ್ಮಲ್ಲಿ ಇಷ್ಟು ಉದ್ದದ ಕಡಲು, ಮಲ್ಪೆಯ ಎದುರು ಸೈಂಟ್ ಮೇರೀಸ್ ದ್ವೀಪ ಉಂಟು. ಒಂದು ರಾತ್ರಿ ಅಲ್ಲಿ ಮಲಗ್ಲಿಕ್ಕೆ ಬಿಡುವುದಿಲ್ಲ, ಸಂಜೆ ಬೋಟಿಗೆ ವಾಪಸ್ ಬರ್ಬೇಕು. ಅಲ್ಲಿ ಕಾನೂನೇ ಹಕ್ಕು ಕೊಡುತ್ತದೆ, ಇಲ್ಲಿ ಎಲ್ಲದಕ್ಕೂ ‘ಇಲ್ಲ’. ವ್ಯವಸ್ಥಿತವಾಗಿ ಹತ್ತು ಟೆಂಟ್ ಹಾಕಿಸಿದರೆ ಊರಿಗೆ ದುಡಿಮೆಯೂ ಆಗ್ತದೆ ಅಲ್ವಾ?

ಬಂದರು ಬದಿ

ತಮ್ಮಾ, ನಾನು ಮಲ್ಪೆಯವನೇ, ನಮ್ಮದು ಮೂರು ತಲೆಮಾರಿನಿಂದ ಕಡಲ ಕೆಲಸ. ನೀನು ಹೇಳುವ ಸೈಂಟ್ ಮೇರೀಸ್ ನಮಗೆ ತೋನ್ಸೆಪಾರ್, ಅದನ್ನು ಸರಿಯಾಗಿ ನೋಡು. ಜನ ಹೋಗುವ ದ್ವೀಪ ಉದ್ದದಲ್ಲಿ ಅರ್ಧ ಕಿಲೋಮೀಟರ್, ಅಗಲ ಹುಡುಕಿದರೆ ನೂರು ಮೀಟರ್. ಹ್ಯಾರಿಸ್ ಅಂದರೆ ಬೆಟ್ಟ, ಹೊಳೆ, ಊರು, ಶಾಲೆ ಎಲ್ಲ ಇರುವ ನೆಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ತೋನ್ಸೆಪಾರಿನ ಕಂಬದಂಥ ಕಲ್ಲುಗಳು ಭೂವಿಜ್ಞಾನ ಸರ್ವೇಕ್ಷಣೆಯವರು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆ ಆಗುವ ಕಾಲದ ಲಾವಾ. ಹಗಲು ಹೋದವರು ಬಿಟ್ಟು ಬರುವ ಕಸ ತೆಗೆಯುವುದೇ ಸಾಕಾಗಿದೆ, ಇನ್ನು ರಾತ್ರಿಯೂ ಜನ ಬಿಟ್ಟರೆ ಅದು ಉಳಿಯುವುದಿಲ್ಲ.

ಇನ್ನೊಂದು. ನಮ್ಮಲ್ಲಿ ಸುಮ್ಮನಿರುವ ಕಾಲ ಇಲ್ಲ ಅಂತ ಯಾರು ಹೇಳಿದ್ದು? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮೀನು ಮೊಟ್ಟೆ ಇಡುವ ಕಾಲ ಅಂತ. ಆ 61 ದಿನ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಎಂಜಿನಿನ ಸದ್ದಿಲ್ಲ. ಬಲೆ ಹೆಣೆಯುವುದು, ಬೋಟ್ ರಿಪೇರಿ. ಹೊರಗೆ ಕಡಲು ಬೊಬ್ಬೆ ಹೊಡೆಯುತ್ತಾ ಇರುತ್ತದೆ. ನಾಡದೋಣಿಯವರು ಮಾತ್ರ ಹವಾಮಾನ ನೋಡಿ ಇಳಿಯುತ್ತಾರೆ. ಆಮೇಲೆ ನೂಲ ಹುಣ್ಣಿಮೆ ಹೊತ್ತಿಗೆ ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆ, ಹಾಲು ಹೂ ಬಿಡುವುದು. ನಮ್ಮ ಶಾಂತಿ ಬೇಕಾದವರು ಆ ತಿಂಗಳು ಬಂದು ದಕ್ಕೆಯಲ್ಲಿ ಕೂತು ನೋಡಿ.

ಪಡುಕರೆಯವಳು

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೈಂಟ್ ಮೇರೀಸಿನಲ್ಲಿ ಟೆಂಟ್ ಬೇಡ ಎನ್ನುವ ಪಕ್ಷದವಳೇ. ಹಕ್ಕಿನ ಬಗ್ಗೆ ಹೇಳುವುದಾದರೆ, ಸ್ಕಾಟ್ಲೆಂಡಿನಲ್ಲಿ ಜನ ಕಡಿಮೆ, ನೆಲ ಹೆಚ್ಚು, ಆದ್ದರಿಂದ ಆ ಕಾನೂನು ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಕಿಲೋಮೀಟರಿಗೆ ಎಷ್ಟು ಮನೆ, ಎಷ್ಟು ದೋಣಿ, ಎಷ್ಟು ಬಲೆ ಒಣಗುತ್ತದೆ ನೋಡಿ. ಆ ಮರಳು ಅವರ ಅಂಗಳ. ಕದ್ರಿಯವರೇ, ನಿಮ್ಮ ಆಸೆ ತಪ್ಪಲ್ಲ. ಬೇಕಾದರೆ ನದಿಯ ನಡುವಿನ ಕುದ್ರುಗಳಲ್ಲಿ, ಊರಿನವರ ತೋಟದಲ್ಲಿ, ಅವರನ್ನೇ ಕೇಳಿ ಟೆಂಟ್ ಹಾಕಿ. ಕೋಡಿ ಬೆಂಗ್ರೆ ಬದಿ, ಸ್ವರ್ಣಾ ಸೀತಾ ಸೇರಿ ಕಡಲಿಗೆ ಬೀಳುವಲ್ಲಿ, ಬೆಳಗಿನ ಹೊತ್ತು ಕೂತರೆ ಹ್ಯಾರಿಸ್ ನೆನಪಾಗುವುದಿಲ್ಲ.

ಕೋಡಿ ಕಿನಾರೆ

ಕುಂದಾಪುರದಿಂದ. ಹುಲ್ಲು ಕೊಯ್ಯದೆ ಕಾಯುವ ರೈತರ ಮಾತು ಓದಿ ಖುಷಿ ಆಯ್ತು. ನಮ್ಮ ಕೋಡಿಯಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡ್ಲಿಕ್ಕೆ ಬರ್ತದೆ. ಚಳಿಗಾಲದಿಂದ ಮಾರ್ಚ್‌ವರೆಗೆ ಊರಿನ ಮೀನುಗಾರರು, ಅರಣ್ಯ ಇಲಾಖೆಯವರು ಸೇರಿ ಗೂಡಿಗೆ ಬಲೆ ಕಟ್ಟಿ ಕಾಯ್ತಾರೆ. ಮರಿ ಹೊರಗೆ ಬಂದಾಗ ಬೆಳಕಿರುವ ಕಡೆಗೇ ಹೋಗ್ತದೆ. ಕಡಲಿನ ಬೆಳಕು ಬಿಟ್ಟು ದಂಡೆಯ ಲೈಟಿನ ಕಡೆ ಹೋದರೆ ಅಲ್ಲಿಗೆ ಮುಗೀತು. ಹಾಗಾಗಿ ಬೀಚಿನಲ್ಲಿ ಬೆಂಕಿ ಹಾಕಿ, ಲೈಟ್ ಹಾಕಿ ಕ್ಯಾಂಪ್ ಮಾಡುವವರು ಆ ತಿಂಗಳಾದ್ರೂ ದಯವಿಟ್ಟು ದೂರ ಇರಿ.

ಬಿಜೈ ಮನೆ

ಭಾನುವಾರ ಬಸ್ಸಿಲ್ಲ ಅಂದ್ರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ನಾವೂ ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋಗುವವರೇ, ಆದರೆ ಪೂಜೆ ಮುಗಿದ ಮೇಲೆ ಮಾರ್ಕೆಟಿಗೆ ಹೋಗಿ ಮೀನು ತಂದು ಅಡುಗೆ ಮಾಡಿ ನೆಂಟರನ್ನು ಕರೆಯುವುದೇ ಭಾನುವಾರ.

ಪಡುಕರೆಯವಳು

ಅಲ್ಲಿ ಹೆಚ್ಚಿನವರು ಪ್ರೆಸ್ಬಿಟೇರಿಯನ್ ಪ್ರೊಟೆಸ್ಟೆಂಟರು. ಭಾನುವಾರ ದುಡಿಮೆ ಇಲ್ಲ, ವ್ಯಾಪಾರ ಇಲ್ಲ. ಟಾರ್ಬರ್ಟಿನಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ. ಶನಿವಾರವೇ ಬ್ರೆಡ್, ಗ್ಯಾಸ್, ನೀರು ಎಲ್ಲ ನೋಡಿಕೊಳ್ಳಬೇಕು. ಸ್ಟೋರ್ನೊವೆಗೆ ಭಾನುವಾರ ಹಡಗು ಓಡಲು ಶುರುವಾದದ್ದೇ 2009ರ ಜುಲೈಯಲ್ಲಿ, ವಿರೋಧದ ನಡುವೆ. 2024ರ ನವೆಂಬರಿನಿಂದ ಸ್ಟೋರ್ನೊವೆಯ ಒಂದು ಸೂಪರ್ ಮಾರ್ಕೆಟ್ ಭಾನುವಾರವೂ ತೆರೆಯುತ್ತಿದೆ, ಅದಕ್ಕೂ ತುಂಬಾ ಜನ ಬೇಡ ಅಂದಿದ್ದರು.

ನಾನು ಒಂದು ಭಾನುವಾರ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆರ್ಗನ್ ಇಲ್ಲ, ಯಾವ ವಾದ್ಯವೂ ಇಲ್ಲ. ಗೇಲಿಕ್ ಭಾಷೆಯಲ್ಲಿ ಒಬ್ಬರು ಕೀರ್ತನೆಯ ಸಾಲು ಎತ್ತಿ ಹೇಳುತ್ತಾರೆ, ಸಭೆಯವರು ಅದನ್ನು ಹಿಡಿದು ಎಳೆದು ಹಾಡುತ್ತಾರೆ. ಪ್ರತಿಯೊಬ್ಬರೂ ತಮ್ಮದೇ ಗತಿಯಲ್ಲಿ, ತಮ್ಮದೇ ತಿರುವಿನಲ್ಲಿ. ಆ ಎಲ್ಲ ದನಿ ಸೇರಿ ಒಮ್ಮೆ ಏರಿ ಒಮ್ಮೆ ಇಳಿಯುವಾಗ ಮೈ ಜುಂ ಅಂದಿತು. ನಮ್ಮ ಭಜನಾ ಮಂದಿರದಲ್ಲಿ ಮುಂದಿನವರು ಹೇಳಿಕೊಟ್ಟು ಹಿಂದಿನವರು ಹಾಡುವುದನ್ನು ಕೇಳಿ ಬೆಳೆದವಳಿಗೆ ಆ ಪದ್ಧತಿ ಹೊಸದು ಅನಿಸಲಿಲ್ಲ, ಆ ನಾದ ಮಾತ್ರ ಎಲ್ಲಿಯೂ ಕೇಳಿದ್ದಲ್ಲ.

ಕದ್ರಿ ಗುಡ್ಡೆ

ಆದರೆ ಇದು ನ್ಯಾಯವಾ? ಆರು ದಿನ ದುಡಿದವನಿಗೆ ಸಿಗುವುದೇ ಒಂದು ಭಾನುವಾರ. ಅವತ್ತು ಮಕ್ಕಳನ್ನು ಕರ್ಕೊಂಡು ಹೋಗ್ಲಿಕ್ಕೆ ಬಸ್ಸಿಲ್ಲ, ಅಂಗಡಿ ಇಲ್ಲ ಅಂದ್ರೆ? ನಿಮಗೆ ಪ್ರವಾಸಿಯಾಗಿ ಚಂದ ಕಾಣ್ತದೆ.

ಪಡುಕರೆಯವಳು

ಈ ಪ್ರಶ್ನೆ ಅಲ್ಲಿಯವರೇ ಕೇಳಿಕೊಳ್ಳುತ್ತಿದ್ದಾರೆ. ಭಾನುವಾರ ಅಂಗಡಿ ಬೇಕು ಎನ್ನುವವರಲ್ಲಿ ದ್ವೀಪದಲ್ಲೇ ಹುಟ್ಟಿ ಬೆಳೆದವರೂ ಇದ್ದಾರೆ. ತೀರ್ಮಾನ ಅವರದ್ದು. ಹೊರಗಿನಿಂದ ಹೋದ ನಾನು ‘ಮುಚ್ಚಿಯೇ ಇಡಿ, ನನಗೆ ಶಾಂತಿ ಬೇಕು’ ಅನ್ನಬಾರದು. ‘ನನಗೆ ಕಾಫಿ ಬೇಕು, ತೆರೆಯಿರಿ’ ಅಂತಲೂ ಅನ್ನಬಾರದು. ಆ ದಿನ ಕಾರಿಲ್ಲದ ರಸ್ತೆಯಲ್ಲಿ ನಡೆದದ್ದು ನನಗೆ ತುಂಬಾ ಇಷ್ಟವಾಯಿತು ಎನ್ನುವುದೂ ನಿಜ.

ಕಟಪಾಡಿಯಿಂದ ಎಡಿನ್‌ಬರೋ

ನಾನು ಇಲ್ಲಿ ಸ್ಕಾಟ್ಲೆಂಡಿನಲ್ಲೇ ಇರುವವನು, ಆ ಕಡೆ ಆಗಾಗ ಹೋಗ್ತೇನೆ. ಅಕ್ಕ ಬರೆದದ್ದಕ್ಕೆ ಎರಡು ಸಂಗತಿ ಸೇರಿಸ್ತೇನೆ.

ಬೇಸಿಗೆಯಲ್ಲಿ ಕ್ಯಾಂಪರ್ ವ್ಯಾನುಗಳು ಜಾಸ್ತಿ ಆಗಿವೆ. ಮಾಖರ್ ಮೇಲೆ ಚಕ್ರ ಹೋದರೆ ಹುಲ್ಲಿನ ಪದರ ಹರಿದು ಅಡಿಯ ಮರಳು ಬಿಡಿಸಿಕೊಳ್ಳುತ್ತದೆ, ಚಳಿಗಾಲದ ಬಿರುಗಾಳಿ ಅದನ್ನು ಅಗಲ ಮಾಡುತ್ತದೆ. ಟೆಂಟಿನವರಿಗಿಂತ ವ್ಯಾನಿನವರಿಗೆ ಈ ಮಾತು ಹೆಚ್ಚು ಬೇಕು.

ಎರಡನೆಯದು ಮನೆ. ರಜೆಗೆ ಬಂದವರು ಇಷ್ಟಪಟ್ಟು ಮನೆ ಕೊಳ್ಳುತ್ತಾರೆ ಅಥವಾ ಬಾಡಿಗೆಗೆ ಬಿಡುವ ಮನೆಗಳಾಗುತ್ತವೆ. ಊರಿನ ಹುಡುಗ ಹುಡುಗಿಯರಿಗೆ ಮನೆ ಸಿಗುವುದಿಲ್ಲ, ಅವರು ಊರು ಬಿಡುತ್ತಾರೆ, ಒಟ್ಟಿಗೆ ಗೇಲಿಕ್ಕೂ ಹೋಗುತ್ತದೆ. ಆ ಟ್ರಸ್ಟುಗಳು ಬಾಡಿಗೆ ಮನೆ ಕಟ್ಟಿಸುವುದು ಇದಕ್ಕೇ. ಹ್ಯಾರಿಸ್ ಟ್ವೀಡ್ ಬಟ್ಟೆ ಗೊತ್ತಲ್ವಾ? 1993ರ ಕಾಯ್ದೆ ಪ್ರಕಾರ ಅದನ್ನು ಆ ದ್ವೀಪಗಳ ನೇಕಾರರು ತಮ್ಮ ಮನೆಯಲ್ಲಿ ಕೈಮಗ್ಗದಲ್ಲಿ ನೇಯ್ದರೆ ಮಾತ್ರ ಆ ಹೆಸರು. ಕೆಲಸವನ್ನು ಊರಿನಲ್ಲೇ ಕಟ್ಟಿಹಾಕಿದ ಕಾನೂನು ಅದು. ನಮ್ಮ ಉಡುಪಿ ಸೀರೆಯ ನೇಕಾರರನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಬಂದರು ಬದಿ

ಅಲ್ಲಿ ಕಡಲಿನ ಇಳಿತ ಭರತ ಹೇಗೆ ತಂಗಿ? ಫೋಟೋದಲ್ಲಿ ಮರಳು ಬಾರೀ ದೂರದವರೆಗೆ ಕಾಣುತ್ತದೆ. ಮತ್ತೆ ಅಲ್ಲಿಯವರು ಕಡಲಿಗೆ ಹೋಗುವವರಾ?

ಪಡುಕರೆಯವಳು

ಅಣ್ಣ, ನಮ್ಮಲ್ಲಿ ಹುಣ್ಣಿಮೆ ಅಮಾವಾಸ್ಯೆಗೆ ಏರಿಳಿತದ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಸ್ಟೋರ್ನೊವೆಯಲ್ಲಿ ಅದು ನಾಲ್ಕು ಮೀಟರ್ ದಾಟುತ್ತದೆ. ಲಸ್ಕೆಂಟೈರಿನಲ್ಲಿ ಮರಳು ಸಮತಟ್ಟಾದ್ದರಿಂದ ನೀರು ಕಣ್ಣಿಗೆ ಕಾಣದಷ್ಟು ದೂರ ಹೋಗಿ, ಬರುವಾಗ ಬೇಗ ಬರುತ್ತದೆ. ವೇಳಾಪಟ್ಟಿ ನೋಡದೆ ಮರಳಿನ ಮೇಲೆ ದೂರ ಹೋಗಬಾರದು.

ಹೌದು, ಕಡಲಿಗೆ ಹೋಗುವವರೇ. ಸ್ಟೋರ್ನೊವೆ ಹತ್ತಿರ ಹೋಮ್ ಎಂಬಲ್ಲಿ ಒಂದು ಸ್ಮಾರಕ ಉಂಟು. ಮೊದಲ ಮಹಾಯುದ್ಧ ಮುಗಿದು ಊರಿಗೆ ಬರುತ್ತಿದ್ದ ನಾವಿಕರನ್ನು ಹೊತ್ತ ‘ಅಯೊಲೇರ್’ ಹಡಗು 1919ರ ಜನವರಿ 1ರ ನಸುಕಿನಲ್ಲಿ ಅಲ್ಲಿಯ ಬಂಡೆಗೆ ಬಡಿಯಿತು. ಬಂದರು ಕಣ್ಣೆದುರಿಗೇ ಇತ್ತು. 201 ಜನ ಸತ್ತರು. ಜಾನ್ ಎಫ್. ಮೆಕ್ಲೌಡ್ ಎಂಬ ನಾವಿಕ ಹಗ್ಗ ಹಿಡಿದು ಈಜಿ ದಡ ಸೇರಿದ್ದರಿಂದ ಆ ಹಗ್ಗದ ಆಸರೆಯಲ್ಲಿ ಸುಮಾರು 40 ಮಂದಿ ಉಳಿದರು. ನಾಲ್ಕು ವರ್ಷ ಯುದ್ಧದಲ್ಲಿ ಬದುಕಿ, ಮನೆಯಲ್ಲಿ ಹೊಸ ವರ್ಷಕ್ಕೆ ಕಾಯುತ್ತಿರುವಾಗ ಹೀಗೆ. ಆಮೇಲೆ ದಶಕಗಳ ಕಾಲ ಆ ದ್ವೀಪದ ಮನೆಗಳಲ್ಲಿ ಅದರ ಮಾತೇ ಎತ್ತುತ್ತಿರಲಿಲ್ಲವಂತೆ. ನಾನು ಆ ಜಾಗದಲ್ಲಿ ತುಂಬಾ ಹೊತ್ತು ನಿಂತಿದ್ದೆ. ರಜೆಗೆ ಹೋದವರು ಮೆಚ್ಚುವ ಮೌನದ ಒಳಗೆ ಇದೂ ಉಂಟು.

ಬಂದರು ಬದಿ

2018ರ ಡಿಸೆಂಬರಿನಲ್ಲಿ ನಮ್ಮ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟಿನ ಏಳು ಜನ ವಾಪಸ್ ಬರಲೇ ಇಲ್ಲ. ಬೋಟಿನ ಅವಶೇಷ ಸಿಕ್ಕಿದ್ದೇ ಮರುವರ್ಷ ಮೇ ತಿಂಗಳಲ್ಲಿ. ಆ ನಡುವಿನ ತಿಂಗಳುಗಳು ಇಲ್ಲಿ ಹೇಗಿದ್ದವು ಅಂತ ಬರೆಯಲಿಕ್ಕೆ ನನಗೆ ಬರುವುದಿಲ್ಲ. ಆ ಊರಿನವರು ಯಾಕೆ ಮಾತಾಡಲಿಲ್ಲ ಅಂತ ನನಗೆ ಅರ್ಥ ಆಗುತ್ತದೆ. ಬರೆದದ್ದಕ್ಕೆ ಉಪಕಾರ ತಂಗಿ.

ಬಿಜೈ ಮನೆ

ಇಬ್ಬರಿಗೂ ದೇವರು ಒಳ್ಳೆಯದು ಮಾಡಲಿ. ಅಷ್ಟೇ ಹೇಳಬಲ್ಲೆ.

ಮಣಿಪಾಲ ಸೈಕಲ್

ಅಕ್ಕ, ನಾನು ಬರುವ ವರ್ಷ ಹೋಗುವ ಯೋಚನೆಯಲ್ಲಿ ಇದ್ದೇನೆ. ಊಟ, ಟೆಂಟ್, ಕ್ರಿಮಿಕೀಟದ ವಿಷಯ ಬರೆದರೆ ಉಪಕಾರ.

ಪಡುಕರೆಯವಳು

ಟೆಂಟ್ ಎತ್ತರ ಕಡಿಮೆ ಇರುವುದು ತೆಗೆದುಕೊಳ್ಳಿ, ಗಾಳಿಗೆ ಎತ್ತರದ್ದು ನಿಲ್ಲುವುದಿಲ್ಲ. ಮರಳಿಗೆ ಅಗಲದ ಉದ್ದ ಗೂಟ ಬೇಕು, ಟೆಂಟಿನ ಜೊತೆ ಬರುವ ಸಪೂರ ಕಡ್ಡಿ ಸಾಲದು. ಜೂನಿನಲ್ಲೂ ಹಗಲು 14-15 ಡಿಗ್ರಿ, ರಾತ್ರಿ ಹತ್ತಕ್ಕಿಂತ ಕೆಳಗೆ ಹೋಗುತ್ತದೆ. ನಮ್ಮ ಅಂಗಡಿಗಳ ತೆಳು ಸ್ಲೀಪಿಂಗ್ ಬ್ಯಾಗ್ ನಂಬಬೇಡಿ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಇನ್ವರ್‌ನೆಸ್ ಅಥವಾ ಸ್ಟೋರ್ನೊವೆಯಲ್ಲಿ ಕೊಳ್ಳಿ. ಕುಚ್ಚಲಕ್ಕಿ ಒಯ್ಯಬೇಡಿ, ಬೇಯುವ ಹೊತ್ತಿಗೆ ಅರ್ಧ ಡಬ್ಬಿ ಮುಗಿಯುತ್ತದೆ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ ನನಗೆ ಸಾಕಾಯಿತು. ಹಾಲು, ತುಪ್ಪದ ಪದಾರ್ಥ ಬ್ರಿಟನ್ನಿಗೆ ಒಯ್ಯುವಂತಿಲ್ಲ. ತೊರೆಯ ನೀರು ಪೀಟಿನಿಂದಾಗಿ ಚಹಾದ ಡಿಕಾಕ್ಷನ್ ಹಾಗೆ ಕಂದಾಗಿರುತ್ತದೆ, ಸೋಸಿ ಕುದಿಸಿ ಕುಡಿಯಿರಿ.

ಮಿಡ್ಜ್ ಎನ್ನುವ ಸಣ್ಣ ನುಸಿ ಮೇಯಿಂದ ಸೆಪ್ಟೆಂಬರ್‌ವರೆಗೆ ಉಂಟು. ಗಾಳಿ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ದಾಟಿದರೆ ಅದಕ್ಕೆ ಹಾರಲಿಕ್ಕಾಗುವುದಿಲ್ಲ. ಹಾಗಾಗಿ ಕಡಲ ಗಾಳಿ ಬೀಸುವಲ್ಲಿ ಟೆಂಟ್ ಹಾಕಿ, ತಗ್ಗಿನ ಜೌಗು ಬೇಡ. ತಲೆಗೆ ಹಾಕುವ ಬಲೆ ಒಂದಿರಲಿ. ಉಣುಗೂ ಉಂಟು. ಇಲ್ಲಿ ಮಂಗನ ಕಾಯಿಲೆ ಹರಡುವ ಹಾಗೆ ಅಲ್ಲಿ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಮೊಣಕಾಲಿನ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ, ಸಿಕ್ಕಿದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ.

ಹಡಗಿಗೆ ನಡೆದು ಹತ್ತುವವರಿಗೆ, ಸೈಕಲಿನವರಿಗೆ ಜಾಗ ಸುಲಭವಾಗಿ ಸಿಗುತ್ತದೆ, ಕಾರಿಗೆ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ನೀವು ಸೈಕಲ್ ತಗೊಂಡು ಹೋಗುವುದೇ ಒಳ್ಳೆಯದು. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ದಕ್ಷಿಣದ ಲೆವರ್‌ಬರೋ ಕಡೆಯಿಂದ ಉತ್ತರಕ್ಕೆ ತುಳಿಯಿರಿ. ಬಿರುಗಾಳಿ ಇದ್ದರೆ ಹಡಗು ರದ್ದಾಗುತ್ತದೆ, ವಾಪಸ್ ವಿಮಾನಕ್ಕೆ ಮೊದಲು ಎರಡು ದಿನ ಖಾಲಿ ಇಟ್ಟುಕೊಳ್ಳಿ.